ಬಾಗಿಲಲ್ಲಿ ನಿಂತ ಚೀಟಿ

ಕಿರಾಣಿ ಅಂಗಡಿಗೆ ಮನೆಯಿಂದ ಚೀಟಿ ಬರೆದು ಕಳುಹಿಸುವ ವಾಡಿಕೆ ನಮ್ಮ ಊರುಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಎರಡು ಕಿಲೋ ತೊಗರಿಬೇಳೆ, ಒಂದು ಕಿಲೋ ಬೆಲ್ಲ, ಲೆಕ್ಕಕ್ಕೆ ಬರೆದುಕೊಳ್ಳಿ ಎಂದು ನಾಲ್ಕು ಸಾಲು ಬರೆದು ಹುಡುಗನ ಕೈಗೆ ಕೊಟ್ಟರೆ ಸಾಮಾನು ಮನೆಗೆ ಬರುತ್ತದೆ. ಚೀಟಿಯಲ್ಲಿ ಬೇಳೆಯೂ ಇಲ್ಲ, ಬೆಲ್ಲವೂ ಇಲ್ಲ. ಅದು ಬರಿಯ ಅಪ್ಪಣೆ. ಬುದ್ಧಿವಂತನಾದ ಅಂಗಡಿಯವನು ಚೀಟಿಯ ಅಕ್ಷರವನ್ನು ನೋಡುವಂತೆಯೇ ಅದನ್ನು ತಂದವನ ಮುಖವನ್ನೂ ನೋಡುತ್ತಾನೆ. ಗುರುತಿಲ್ಲದವನು ತಂದ ಚೀಟಿಗೆ ಸಾಮಾನು ಕೊಟ್ಟು, ತಿಂಗಳ ಕೊನೆಗೆ ಯಜಮಾನರೊಡನೆ ಜಗಳವಾಡಲು ಯಾವ ವ್ಯಾಪಾರಿಯೂ ಒಪ್ಪಲಾರ.

ಗಣಕಯಂತ್ರದ ಪರದೆಯ ಮೇಲೆ ಸಾಲಾಗಿ ನಿಂತಿರುವ ಪುಟ್ಟ ಚಿತ್ರಗಳೂ, ಮೂಲೆಯಲ್ಲಿ ಒತ್ತಿದಾಗ ತೆರೆದುಕೊಳ್ಳುವ ಮೆನುವಿನ ಹೆಸರುಗಳೂ ಇಂಥ ಚೀಟಿಗಳೇ ಆಗಿವೆ. ಶಾರ್ಟ್‌ಕಟ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಚಿತ್ರವನ್ನು ಒತ್ತಿದ ಕೂಡಲೆ ಲೆಕ್ಕದ ಪುಸ್ತಕ ತೆರೆಯುತ್ತದೆ, ಹಾಡು ಕೇಳಿಸುತ್ತದೆ. ಒಳಗೆ ಒಂದು ಚೀಟಿ ಓದಲ್ಪಟ್ಟಿತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಚೀಟಿ ಬಾಗಿಲಲ್ಲಿಯೇ ತಡೆಯಲ್ಪಟ್ಟಾಗ ಮಾತ್ರ ಮನೆಯಲ್ಲಿ ಗಡಿಬಿಡಿ ಪ್ರಾರಂಭವಾಗುತ್ತದೆ.

ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಶಾಲೆ ಕಾಲೇಜುಗಳಿಗೆ ಹೆಸರಾದ ಊರು. ಅಂಥ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಓದುಗರಿಗೆ ಕಷ್ಟವಾಗಲಾರದು. ಮನೆಯ ಹಿರಿಯರು ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಬೆಂಗಳೂರಿನ ಮಗ ತಾನು ಬಳಸಿ ಬಿಟ್ಟ ಗಣಕಯಂತ್ರಕ್ಕೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕಿ ಊರಿಗೆ ಕಳುಹಿಸಿದ್ದಾನೆ. ಅದರಲ್ಲಿ ಮಾಸ್ತರರ ಪಿಂಚಣಿಯ ಕಾಗದಗಳಿವೆ. ಸೊಸೆ ನೋಡಿಕೊಳ್ಳುವ ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕವಿದೆ, ಇಪ್ಪತ್ತು ಹೆಂಗಸರು ವಾರವಾರವೂ ಕಟ್ಟಿದ ಹಣದ ಲೆಕ್ಕ. ಸಾಯಂಕಾಲ ಪಾಠಕ್ಕೆ ಬರುವ ಓಣಿಯ ಮಕ್ಕಳಿಗಾಗಿ ಅದೇ ಯಂತ್ರದಲ್ಲಿ ಬೇರೊಂದು ಹೆಸರಿನ ಖಾತೆಯನ್ನೂ ಮಗ ತೆರೆದುಕೊಟ್ಟಿದ್ದಾನೆ.

ಪ್ರೌಢಶಾಲೆಯಲ್ಲಿ ಓದುವ ಮೊಮ್ಮಗಳು ಒಂದು ದಿನ ಶಾಲೆಯ ಯಂತ್ರದಿಂದ ಜಿಯೋಜೀಬ್ರಾ ಎಂಬ ರೇಖಾಗಣಿತದ ತಂತ್ರಾಂಶವನ್ನೂ ಅದರ ಶಾರ್ಟ್‌ಕಟ್ಟನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2011ರಿಂದ ಕರ್ನಾಟಕದ ಸರಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವನ್ನೂ ಜಿಯೋಜೀಬ್ರಾವನ್ನೂ ಹೇಳಿಕೊಡಲಾಗಿತ್ತು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಂತೂ ಕೇರಳದ ಶಾಲಾ ವ್ಯವಸ್ಥೆಯ ಮೂಲಕ ಲಿನಕ್ಸ್ ಚೆನ್ನಾಗಿ ಪರಿಚಿತವಾಗಿದೆ. ಹುಡುಗಿ ಉತ್ಸಾಹದಿಂದ ಚಿತ್ರವನ್ನು ಒತ್ತಿದಳು. ತ್ರಿಕೋನ ಬರಲಿಲ್ಲ, ಈ ಚೀಟಿಯನ್ನು ನಂಬುವಂತಿಲ್ಲ, ಅನುಮತಿ ಸರಿಯಿಲ್ಲ ಎಂಬ ಅರ್ಥದ ಎಚ್ಚರಿಕೆಯೊಂದು ಬಂದು ನಿಂತಿತು.

“ಅಜ್ಜಾ, ಸಾಲ್ಯಾಗ ಛಲೋ ಓಡಿದ್ದು ಇಲ್ಲಿ ಬಾಗಲಾನ ತೆಗೀವಲ್ದು ನೋಡು.”

“ತಡಿಯವಾ, ಅದೇನ್ ಬರದೈತಿ ಮೊದಲ ಓದು.”

ಓದುವಷ್ಟು ವ್ಯವಧಾನ ಮಾತ್ರ ಆ ಹೊತ್ತಿಗೆ ಯಾರಿಗೂ ಇರಲಿಲ್ಲ. ಪಕ್ಕದ ಓಣಿಯ ಡಿಪ್ಲೊಮಾ ಹುಡುಗನನ್ನು ಕರೆಸಲಾಯಿತು. ಅವನು ಕಪ್ಪು ಪರದೆಯೊಂದನ್ನು ತೆರೆದು, ಚ್‌ಮಾಡ್ ಎಂಬ ಆಜ್ಞೆಯ ಮುಂದೆ 777 ಎಂದು ಬರೆದು, ಮನೆಯ ಎಲ್ಲ ಫೈಲುಗಳಿಗೂ ಅನ್ವಯಿಸುವಂತೆ ಒತ್ತಿದ. ಇನ್ನೂ ಒಂದೆರಡು ಕಡೆ ಒಪ್ಪಿಗೆ ಕೊಟ್ಟು, ಚೀಟಿಯಲ್ಲಿದ್ದ ವಿಳಾಸವನ್ನು ತಿದ್ದಿದ ಮೇಲೆ ತ್ರಿಕೋನ ಬಂದಿತು. ಚಹಾ ಕುಡಿದು ಅವನು ಹೊರಟುಹೋದ. ಇಂಥ ಉಪಕಾರ ಎಷ್ಟು ಮನೆಗಳಲ್ಲಿ ನಡೆದಿದೆಯೋ!

777 ಎಂಬುದು ಮಂತ್ರವಲ್ಲ. ಮಾಸ್ತರರಿಗೆ ಯಾರಾದರೂ ಹೇಳಿದ್ದರೆ ಕ್ಷಣಮಾತ್ರದಲ್ಲಿ ಹಿಡಿಯಬಹುದಾಗಿದ್ದ ಲೆಕ್ಕ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲವದು. ಒಬ್ಬರ ಕಾಗದಕ್ಕೆ ಇನ್ನೊಬ್ಬರು ಕೈ ಹಾಕದಂತೆ ಕಟ್ಟುಪಾಡು ಬೇಕಾಗಿತ್ತು. 1971ರ ನವೆಂಬರಿನಲ್ಲಿ ಬಂದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿಯೇ ಚ್‌ಮಾಡ್ ಆಜ್ಞೆ ಇದೆ. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಾರಂಭಿಸಿದ ಲಿನಕ್ಸ್ ಈ ಪದ್ಧತಿಯನ್ನೇ ಅನುಸರಿಸಿತು.

ಪ್ರತಿಯೊಂದು ಫೈಲಿಗೂ ಮೂವರನ್ನು ಕುರಿತು ಅನುಮತಿ ಇರುತ್ತದೆ: ಒಡೆಯ, ಒಡೆಯನ ಗುಂಪಿನವರು, ಉಳಿದ ಎಲ್ಲರು. ಒಬ್ಬೊಬ್ಬರಿಗೂ ಮೂರು ಅಧಿಕಾರಗಳನ್ನು ಕೊಡಬಹುದು ಅಥವಾ ಕೊಡದಿರಬಹುದು. ಓದುವ ಅಧಿಕಾರಕ್ಕೆ 4, ಬರೆಯುವುದಕ್ಕೆ 2, ಅದನ್ನು ಆಜ್ಞೆಯೆಂದು ಭಾವಿಸಿ ನಡೆಸುವುದಕ್ಕೆ 1. ಮೂರನ್ನೂ ಕೂಡಿದರೆ 7. ಆದುದರಿಂದ 644 ಎಂದರೆ ಒಡೆಯನು ಓದಿ ಬರೆಯಬಹುದು, ಉಳಿದವರು ಓದಬಹುದು, ಅಷ್ಟೇ. 755 ಎಂದರೆ ಒಡೆಯನು ಏನನ್ನಾದರೂ ಮಾಡಬಹುದು, ಉಳಿದವರು ಓದಬಹುದು ಮತ್ತು ನಡೆಸಬಹುದು, ತಿದ್ದಲಾರರು. 600 ಎಂದರೆ ಒಡೆಯನ ಹೊರತು ಯಾರಿಗೂ ಪ್ರವೇಶವಿಲ್ಲ. ಇನ್ನು 777 ಎಂದರೆ ದಾರಿಯಲ್ಲಿ ಹೋಗುವವರೂ ಒಳಗೆ ಬಂದು ಕಿರ್ದಿಯನ್ನು ಓದಬಹುದು, ತಿದ್ದಬಹುದು, ಹರಿದುಹಾಕಬಹುದು ಎಂದು ಜಗಲಿಯ ಮೇಲೆ ಬರೆದು ಅಂಟಿಸಿದಂತೆ.

ಒಂದು ಸೂಕ್ಷ್ಮವಿದೆ. ಫೋಲ್ಡರಿನ ವಿಷಯದಲ್ಲಿ ಆ 1 ಎಂಬ ಅಧಿಕಾರಕ್ಕೆ ನಡೆಸುವುದು ಎಂಬ ಅರ್ಥವಿಲ್ಲ. ಒಳಗೆ ಕಾಲಿಡುವುದು ಎಂಬ ಅರ್ಥವಿದೆ. ಫೈಲುಗಳಿಗೆ ಒಪ್ಪುವ 644ನ್ನು ಮನೆಯ ಎಲ್ಲ ಫೋಲ್ಡರುಗಳಿಗೂ ಹಾಕಿಬಿಟ್ಟರೆ ಒಡೆಯನೇ ತನ್ನ ಮನೆಯ ಹೊರಗೆ ನಿಲ್ಲಬೇಕಾಗುತ್ತದೆ. 777ರ ತಪ್ಪನ್ನು ತಿದ್ದಲು ಹೋಗಿ ಈ ಎರಡನೆಯ ತಪ್ಪಿಗೆ ಬಿದ್ದವರೂ ಇದ್ದಾರೆ.

ಇಷ್ಟು ತಿಳಿದ ಮೇಲೆ, ಶಾಲೆಯಲ್ಲಿ ಓಡಿದ ಚೀಟಿ ಮನೆಯಲ್ಲಿ ಏಕೆ ನಿಂತಿತೆಂಬುದನ್ನು ವಿಚಾರಿಸಬಹುದು. ಕಾರಣ ಒಂದಲ್ಲ, ಮೂರು.

ಮೊದಲನೆಯದು ಪೆನ್‌ಡ್ರೈವು. ಅಂಗಡಿಯಲ್ಲಿ ಸಿಕ್ಕುವ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಸಿದ್ಧವಾಗಿರುತ್ತವೆ. ಆ ಪದ್ಧತಿಯಲ್ಲಿ ಯೂನಿಕ್ಸಿನ ಅನುಮತಿಗಳನ್ನು ಬರೆದಿಡುವ ಸ್ಥಳವೇ ಇಲ್ಲ. ಶಾಲೆಯಲ್ಲಿ 755 ಆಗಿದ್ದ ಚೀಟಿ ದಾರಿಯಲ್ಲಿ ತನ್ನ ಅಧಿಕಾರವನ್ನು ಕಳೆದುಕೊಂಡು ಬಂದಿತು. ಪೆನ್‌ಡ್ರೈವಿನಲ್ಲಿರುವಾಗಲೇ ಚ್‌ಮಾಡ್ ಮಾಡಿದರೆ ಪ್ರಯೋಜನವಿಲ್ಲ. ಮನೆಯ ಯಂತ್ರಕ್ಕೆ ನಕಲು ಮಾಡಿಕೊಂಡ ಮೇಲೆಯೇ ಮಾಡಬೇಕು.

ಎರಡನೆಯದು ಚೀಟಿಯ ಒಳಗಿನ ವಿಳಾಸ. ಲಿನಕ್ಸಿನ ಶಾರ್ಟ್‌ಕಟ್ ಎಂದರೆ ಡಾಟ್ ಡೆಸ್ಕ್‌ಟಾಪ್ ಎಂಬ ಬಾಲವುಳ್ಳ ಒಂದು ಸಾದಾ ಬರಹದ ಫೈಲು. ಯಾರಾದರೂ ಅದನ್ನು ಟಿಪ್ಪಣಿ ಬರೆಯುವ ತಂತ್ರಾಂಶದಲ್ಲಿ ತೆರೆದು ಓದಬಹುದು. ಅದರಲ್ಲಿ ನೇಮ್ ಎಂಬ ಸಾಲಿನಲ್ಲಿ ಕಾಣಿಸಬೇಕಾದ ಹೆಸರು, ಐಕಾನ್ ಎಂಬ ಸಾಲಿನಲ್ಲಿ ಚಿತ್ರ, ಎಕ್ಸೆಕ್ ಎಂಬ ಸಾಲಿನಲ್ಲಿ ನಿಜವಾದ ಅಪ್ಪಣೆ ಇರುತ್ತವೆ. ಶಾಲೆಯ ಯಂತ್ರದಲ್ಲಿ ಬಳಕೆದಾರನ ಹೆಸರು ಬೇರೆ, ಮನೆಯ ಯಂತ್ರದಲ್ಲಿ ಬೇರೆ. ಎಕ್ಸೆಕ್ ಸಾಲಿನಲ್ಲಿ ಶಾಲೆಯ ದಾರಿಯೇ ಉಳಿದಿದ್ದರೆ ಎಷ್ಟು ಅನುಮತಿ ಕೊಟ್ಟರೂ ತ್ರಿಕೋನ ಬರಲಾರದು. ದಾರಿಯ ಹೆಸರಿನಲ್ಲಿ ಎಡೆ ಬಿಟ್ಟ ಪದಗಳಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಈ ಚಿಕ್ಕ ಕಾರಣಕ್ಕೆ ಗಂಟೆಗಟ್ಟಲೆ ಒದ್ದಾಡಿದವರುಂಟು.

ಮೂರನೆಯದೇ ವಿಶ್ವಾಸದ ಗುರುತು. ಅನುಮತಿ ಬೇರೆ, ವಿಶ್ವಾಸ ಬೇರೆ ಎಂಬುದು ಇಲ್ಲಿಯ ರಹಸ್ಯ. ಮೊದಲು ಹೀಗಿರಲಿಲ್ಲ. ಗ್ನೋಮ್ ಪರದೆಯ ನಾಟಿಲಸ್ ಎಂಬ ಫೈಲು ನೋಡುವ ತಂತ್ರಾಂಶ, ಚೀಟಿಗೆ ನಡೆಸುವ ಅಧಿಕಾರ ಇದ್ದರೆ ಸಾಕು, ನಂಬುತ್ತಿತ್ತು. ಕಳ್ಳನಿಗೆ ಇದು ಅನುಕೂಲವಾಯಿತು. ಟಾರ್ ಎಂಬ ಗಂಟಿನಲ್ಲಿ ಕಟ್ಟಿ ಕಳುಹಿಸಿದ ಫೈಲು ಬಿಚ್ಚಿದಾಗ ತನ್ನ ಅನುಮತಿಯನ್ನು ಉಳಿಸಿಕೊಂಡೇ ಹೊರಬರುತ್ತದೆ. ನೇಮ್ ಎಂಬ ಸಾಲಿನಲ್ಲಿ ಪಿಡಿಎಫ್ ಎಂದು ಕೊನೆಗೊಳ್ಳುವ ಹೆಸರು, ಐಕಾನ್ ಸಾಲಿನಲ್ಲಿ ಕಾಗದದ ಚಿತ್ರ, ಎಕ್ಸೆಕ್ ಸಾಲಿನಲ್ಲಿ ಮನೆಹಾಳು ಆಜ್ಞೆ. ನೋಡುವವರ ಕಣ್ಣಿಗೆ ಅದು ಒಂದು ಪತ್ರ! ಈ ದೋಷವನ್ನು 2017ರಲ್ಲಿ ಸರಿಪಡಿಸಲಾಯಿತು. ಅಂದಿನಿಂದ ಚೀಟಿಗೆ ನಡೆಸುವ ಅಧಿಕಾರವಿದ್ದರಷ್ಟೇ ಸಾಲದು, ಆ ಯಂತ್ರದ ಬಳಕೆದಾರನು ತನ್ನ ಕೈಯಾರೆ ‘ಇದನ್ನು ನಂಬುತ್ತೇನೆ’ ಎಂದು ಗುರುತು ಮಾಡಿರಲೂ ಬೇಕು. ಆ ಗುರುತು ಚೀಟಿಯ ಮೇಲೆ ಇರುವುದಿಲ್ಲ. ಬಳಕೆದಾರನ ಖಾತೆಯೊಳಗಿನ ಬೇರೊಂದು ದಫ್ತರಿನಲ್ಲಿರುತ್ತದೆ. ಆದಕಾರಣ ಚೀಟಿಯನ್ನು ಎತ್ತಿಕೊಂಡು ಬೇರೆ ಯಂತ್ರಕ್ಕೆ ಹೋದರೆ ಗುರುತು ಹಿಂಬಾಲಿಸಿ ಬರುವುದಿಲ್ಲ. ಶಾಲೆಯವರ ವಿಶ್ವಾಸ ಶಾಲೆಯಲ್ಲಿಯೇ ಉಳಿಯಿತು.

ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಹಗುರವಾದ ಪರದೆ ಹಳೆಯ ಯಂತ್ರಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಅದರ ಈಚಿನ ಆವೃತ್ತಿಗಳು ಮತ್ತೂ ಒಂದು ಹೆಜ್ಜೆ ಮುಂದಕ್ಕೆ ಹೋಗಿವೆ: ನಂಬಿದ ಹೊತ್ತಿನಲ್ಲಿ ಚೀಟಿಯ ಅಕ್ಷರಗಳನ್ನೆಲ್ಲ ಲೆಕ್ಕಹಾಕಿ ಒಂದು ಸಂಖ್ಯೆಯ ಮುದ್ರೆಯನ್ನು ಕಾದಿಡುತ್ತವೆ. ಆಮೇಲೆ ಒಂದು ಅಕ್ಷರ ತಿದ್ದಿದರೂ ಮುದ್ರೆ ಹೊಂದುವುದಿಲ್ಲ. ಎಚ್ಚರಿಕೆ ಮತ್ತೆ ಬರುತ್ತದೆ. ನಿನ್ನೆ ಒಪ್ಪಿದ್ದನ್ನು ಇಂದು ಏಕೆ ಕೇಳುತ್ತಿದೆ ಎಂದು ಸಿಟ್ಟಾಗುವವರು, ನಿನ್ನೆಯಿಂದ ಇಂದಿಗೆ ಚೀಟಿ ಬದಲಾಗಿದೆಯೇ ಎಂದು ನೋಡುವುದು ಒಳ್ಳೆಯದು.

ಇವೆಲ್ಲ ಅತಿ ಜಾಗರೂಕತೆ, ನಮ್ಮಂಥವರ ಮನೆಗೆ ಯಾರು ಬಂದಾರು ಎನ್ನುವವರುಂಟು. ಭಾರತ ಸರಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಬಾಸ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹೊರತಂದಿತು. ಸರಕಾರಿ ಕಚೇರಿಗಳಲ್ಲಿ ಅದು ಬಳಕೆಯಲ್ಲಿದೆ. 2025ರ ಆಗಸ್ಟ್‌ನಲ್ಲಿ ಸೈಫರ್ಮಾ, ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆಗಳು ಒಂದು ದಾಳಿಯ ವರದಿಯನ್ನು ಪ್ರಕಟಿಸಿದವು. ಭಾರತದ ಸರಕಾರಿ ವಲಯದವರಿಗೆ ಸಭೆಯ ಸೂಚನಾಪತ್ರವೆಂಬಂತೆ ಮಿಂಚಂಚೆ ಬರುತ್ತಿತ್ತು. ಅದರೊಳಗಿನ ಗಂಟನ್ನು ಬಿಚ್ಚಿದರೆ ಪಿಡಿಎಫ್ ಎಂದು ತೋರುವ ಒಂದು ಫೈಲು. ನಿಜದಲ್ಲಿ ಅದು ಡಾಟ್ ಡೆಸ್ಕ್‌ಟಾಪ್ ಬಾಲದ ಚೀಟಿ. ಒತ್ತಿದ ಕೂಡಲೆ ಅದು ಅಂತರ್ಜಾಲದಿಂದ ಗುಪ್ತಚರ ತಂತ್ರಾಂಶವೊಂದನ್ನು ಇಳಿಸಿಕೊಂಡು, ಅದಕ್ಕೆ ನಡೆಸುವ ಅಧಿಕಾರ ಕೊಟ್ಟು, ಓಡಿಸುತ್ತಿತ್ತು. ಅದೇ ಸಮಯಕ್ಕೆ ನೋಡುವವರ ಮುಂದೆ ನಿಜವಾದೊಂದು ಪಿಡಿಎಫ್ ಪತ್ರವನ್ನೂ ತೆರೆದಿಡುತ್ತಿತ್ತು. ಪತ್ರ ಬಂದಿತು, ಓದಿದ್ದಾಯಿತು, ಯಾರಿಗೂ ಸಂಶಯವಿಲ್ಲ. ಟ್ರಾನ್ಸ್‌ಪರೆಂಟ್ ಟ್ರೈಬ್ ಎಂಬ ಗುಂಪಿನ ಕೆಲಸವಿದು ಎಂದು ವರದಿಗಾರರು ಹೇಳಿದರು. ಹಂಸಭಾವಿಯ ಮಾಸ್ತರರಿಗೆ ಸಭೆಯ ಸೂಚನೆ ಬರಲಾರದು, ನಿಜ. ಪಿಂಚಣಿಯ ಪರಿಷ್ಕರಣೆಯ ಆದೇಶ ಎಂಬ ಹೆಸರಿನ ಪತ್ರ ಬಂದರೆ ಅವರ ಬೆರಳು ಎಷ್ಟು ಹೊತ್ತು ತಡೆದೀತು?

ವಿಂಡೋಸ್ ಬಳಸುವ ಮನೆಗಳೂ ನಿಶ್ಚಿಂತೆಯಿಂದಿರುವಂತಿಲ್ಲ. ಅಲ್ಲಿಯ ಶಾರ್ಟ್‌ಕಟ್ಟಿನ ದೋಷವೊಂದನ್ನು ಬಳಸಿಯೇ 2010ರಲ್ಲಿ ಸ್ಟಕ್ಸ್‌ನೆಟ್ ಎಂಬ ಹುಳು ಹರಡಿತು. ಪೆನ್‌ಡ್ರೈವನ್ನು ಚುಚ್ಚಿ ಅದರೊಳಗಿನ ಚಿತ್ರಗಳನ್ನು ನೋಡಿದರೆ ಸಾಕಾಗಿತ್ತು, ಒತ್ತಬೇಕಾಗಿಯೂ ಇರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ತೇಪೆ ಹಾಕಿತು. ಅಂತರ್ಜಾಲದಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಅದೃಶ್ಯವಾದ ಗುರುತನ್ನು ಅಂಟಿಸುತ್ತದೆ. ತೆರೆಯುವಾಗ ಎಚ್ಚರಿಕೆ ಬರುವುದು ಅದರಿಂದಲೇ. ಫೈಲಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ಎಂಬಲ್ಲಿ ಅನ್‌ಬ್ಲಾಕ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಆ ಒಂದು ಫೈಲಿನ ಮಟ್ಟಿಗೆ ಎಚ್ಚರಿಕೆ ನಿಲ್ಲುತ್ತದೆ. ಎಲ್ಲ ಎಚ್ಚರಿಕೆಗಳನ್ನೂ ಒಮ್ಮೆಗೇ ಆರಿಸಿಬಿಡಬೇಕೆನ್ನುವುದು 777ರ ಅಣ್ಣನೇ ಸರಿ.

ಮಾಸ್ತರರ ಮನೆಗೆ ಹಿಂದಿರುಗೋಣ. ಡಿಪ್ಲೊಮಾ ಹುಡುಗನ ಉಪಕಾರವಾಗಿ ಹತ್ತು ದಿನಗಳಾಗಿರಬಹುದು. ಸಂಘದ ಸಭೆಗೆಂದು ಸೊಸೆ ಲೆಕ್ಕದ ಫೈಲನ್ನು ಹುಡುಕಿದಳು; ಅದು ಇರಲಿಲ್ಲ. ಇಪ್ಪತ್ತು ಮನೆಯ ಹೆಂಗಸರು ಪಡಸಾಲೆಯಲ್ಲಿ ಬಂದು ಕುಳಿತಿದ್ದರು. ಯಾರ ಹಣ ಎಷ್ಟಾಯಿತೆಂದು ಕೇಳಿದರೆ ಬಾಯಲ್ಲಿ ಹೇಳುವ ಲೆಕ್ಕವೇ ಅದು? ಅವಳ ಮುಖ ಬಿಳಿಚಿಕೊಂಡಿತು. ಅಳತೆ ತಪ್ಪದ ಮಾತಿನ ಹಿರಿಯಳೊಬ್ಬಳು, “ಕಾಗದದಾಗ ಬರದಿಡು ಅಂತ ನಾ ಆವಾಗಲೇ ಹೇಳಿದ್ದಿನಿ” ಎಂದಳು.

ಬೆಂಗಳೂರಿನ ಮಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಮಕ್ಕಳ ಖಾತೆಯ ಕಸದ ಬುಟ್ಟಿಯನ್ನು ನೋಡಿದಿರಾ ಎಂಬುದು. ಫೈಲು ಅಲ್ಲಿತ್ತು. ಪಾಠಕ್ಕೆ ಬಂದ ಮಕ್ಕಳಲ್ಲಿ ಯಾವುದೋ ಒಂದು, ಎಲ್ಲ ಬಾಗಿಲುಗಳೂ ತೆರೆದಿರುವುದನ್ನು ಕಂಡು, ಒಳಗೆ ಅಡ್ಡಾಡಿ, ಎಳೆದು ಬುಟ್ಟಿಗೆ ಹಾಕಿತ್ತು. ಬುಟ್ಟಿಯಲ್ಲಿದ್ದರೂ ಫೈಲಿನ ಒಡೆಯನ ಸ್ಥಾನದಲ್ಲಿ ಸೊಸೆಯ ಖಾತೆಯ ಹೆಸರೇ ಇತ್ತು. ಅದರಿಂದ ಅದು ಎಲ್ಲಿಂದ ಬಂದದ್ದೆಂದು ಗುರುತಿಸುವುದು ಸುಲಭವಾಯಿತು. ಬುಟ್ಟಿಯನ್ನು ಖಾಲಿ ಮಾಡುವ ಶಿಸ್ತು ಮಕ್ಕಳಿಗೆ ಇಲ್ಲದಿರುವುದೂ ಕೆಲವೊಮ್ಮೆ ಉಪಕಾರಿ. ಉಬುಂಟುವಿನಲ್ಲಿ 2021ರ ಏಪ್ರಿಲ್‌ನಿಂದ ಹೊಸದಾಗಿ ತೆರೆದ ಖಾತೆಯ ಮನೆ ಫೋಲ್ಡರಿಗೆ 750 ಎಂಬ ಅನುಮತಿಯೇ ತಾನಾಗಿ ಬರುತ್ತದೆ. ಅಂದರೆ ಬೇರೆ ಖಾತೆಯವರು ಇಣುಕಿಯೂ ನೋಡಲಾರರು. ಮಗ ಹಾಕಿಕೊಟ್ಟದ್ದು ಅಂಥ ಬೀಗವೇ ಆಗಿತ್ತು. ಅದನ್ನು ಒಡೆದದ್ದು ಮೂರು ಏಳುಗಳು.

ಆ ರಾತ್ರಿ ಮಗ ಒಂದೊಂದಾಗಿ ಹೇಳುತ್ತ ಹೋದ, ಮೊಮ್ಮಗಳು ಒತ್ತುತ್ತ ಹೋದಳು, ಮಾಸ್ತರರು ಕನ್ನಡಕ ಹಾಕಿಕೊಂಡು ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ಮೊದಲು ಫೈಂಡ್ ಎಂಬ ಆಜ್ಞೆಯಿಂದ ಫೋಲ್ಡರುಗಳನ್ನೂ ಫೈಲುಗಳನ್ನೂ ಬೇರ್ಪಡಿಸಿ, ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಕೊಡಲಾಯಿತು. ಮನೆಯ ಹೆಬ್ಬಾಗಿಲಾದ ಹೊರಗಿನ ಫೋಲ್ಡರಿಗೆ ಮತ್ತೆ 750. ಗುಪ್ತ ಕೀಲಿಗಳನ್ನು ಇಡುವ ಎಸ್‌ಎಸ್‌ಎಚ್ ಎಂಬ ಫೋಲ್ಡರೊಂದು ಇದ್ದವರು ಅದಕ್ಕೆ 700, ಒಳಗಿನ ಕೀಲಿಗೆ 600 ಕೊಡತಕ್ಕದ್ದು. ಕೀಲಿಯನ್ನು ಎಲ್ಲರೂ ಓದುವಂತಿದ್ದರೆ ಆ ತಂತ್ರಾಂಶ ತಾನಾಗಿಯೇ ಕೀಲಿಯನ್ನು ತಿರಸ್ಕರಿಸುತ್ತದೆ. ನಿಜವಾಗಿ ನಡೆಯಬೇಕಾದ ತಂತ್ರಾಂಶದ ಫೈಲುಗಳೂ ಈ ಸಾರಾಸಗಟಿನಲ್ಲಿ 644 ಆಗಿಬಿಡುವುದರಿಂದ, ಜಿಯೋಜೀಬ್ರಾದ ಮೂಲ ಫೈಲಿಗೆ ಪ್ರತ್ಯೇಕವಾಗಿ 755 ಕೊಡಬೇಕಾಯಿತು.

ಆಮೇಲೆ ಚೀಟಿಯ ಸರದಿ. ಟಿಪ್ಪಣಿಯ ತಂತ್ರಾಂಶದಲ್ಲಿ ತೆರೆದು ಎಕ್ಸೆಕ್ ಸಾಲನ್ನು ಮಾಸ್ತರರು ಗಟ್ಟಿಯಾಗಿ ಓದಿದರು. ಅದರಲ್ಲಿ ಜಿಯೋಜೀಬ್ರಾದ ದಾರಿಯ ಹೊರತು ಬೇರೇನೂ ಇರಲಿಲ್ಲ. ಅಂತರ್ಜಾಲದ ವಿಳಾಸವೋ, ಅರ್ಥವಾಗದ ಉದ್ದನೆಯ ಅಕ್ಷರಮಾಲೆಯೋ ಅಲ್ಲಿ ಕಂಡಿದ್ದರೆ ಚೀಟಿಯನ್ನು ಅಲ್ಲಿಗೇ ಅಳಿಸಿಹಾಕಬೇಕಾಗಿತ್ತು. ಚೀಟಿ ಶುದ್ಧವೆಂದು ಖಚಿತವಾದ ಮೇಲೆ, ಬಲಗುಂಡಿಯ ಪ್ರಾಪರ್ಟೀಸಿನಲ್ಲಿ ಅದಕ್ಕೊಂದಕ್ಕೇ ನಡೆಸುವ ಅಧಿಕಾರ ಕೊಟ್ಟು, ಮತ್ತೆ ಬಲಗುಂಡಿ ಒತ್ತಿ ಅಲೌ ಲಾಂಚಿಂಗ್ ಎಂಬ ಸಾಲನ್ನು ಆರಿಸಿದರು. ಪರದೆಯ ಮೇಲಿನ ಚಿತ್ರ ತನ್ನ ನಿಜವಾದ ರೂಪವನ್ನು ತಾಳಿತು.

ಮೆನುವಿನಲ್ಲಿಯೂ ಹೆಸರು ಕಾಣಬೇಕೆಂದು ಹುಡುಗಿಯ ಹಟ. ಅದಕ್ಕೆ ಚೀಟಿಯ ಒಂದು ಪ್ರತಿಯನ್ನು ಮನೆ ಫೋಲ್ಡರಿನಲ್ಲಿ ಅಡಗಿರುವ ಲೋಕಲ್ ಎಂಬುದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಷನ್ಸ್ ಎಂಬ ಫೋಲ್ಡರಿನಲ್ಲಿ ಇಟ್ಟರೆ ಸಾಕು. ಗ್ನೋಮ್ ಪರದೆಯಲ್ಲಿ ಅಲ್ಲಿಟ್ಟ ಚೀಟಿಗೆ ವಿಶ್ವಾಸದ ಗುರುತಾಗಲಿ ನಡೆಸುವ ಅಧಿಕಾರವಾಗಲಿ ಬೇಕಿಲ್ಲ, ಏಕೆಂದರೆ ಅದು ಒಡೆಯನೇ ಇಟ್ಟ ಸ್ಥಳ ಎಂದು ವ್ಯವಸ್ಥೆ ತಿಳಿಯುತ್ತದೆ. ಎಲ್ಲ ಖಾತೆಯವರಿಗೂ ಕಾಣಬೇಕಾದರೆ ಬೇರೊಂದು ಸಾಮಾನ್ಯ ಸ್ಥಳವಿದೆ. ಅಲ್ಲಿ ಇಡಲು ಯಂತ್ರದ ಆಡಳಿತದ ಗುಪ್ತಪದ ಬೇಕು, ಮತ್ತು ತಂತ್ರಾಂಶವೂ ಒಬ್ಬರ ಮನೆ ಫೋಲ್ಡರಿನಲ್ಲಿರದೆ ಎಲ್ಲರಿಗೂ ಎಟುಕುವಲ್ಲಿ ಇರಬೇಕು. ಆಡಳಿತದ ಅಧಿಕಾರದಿಂದ ಮಾಡಿದ ಫೈಲಿಗೆ ಆಡಳಿತವೇ ಒಡೆಯನಾಗುವುದರಿಂದ ಆಮೇಲೆ ತಿದ್ದಲು ಹೋದರೆ ಅದು ಒಪ್ಪುವುದಿಲ್ಲ. ಆಗ ಚೌನ್ ಎಂಬ ಆಜ್ಞೆಯಿಂದ ಒಡೆತನವನ್ನು ಬದಲಿಸಿಕೊಳ್ಳಬೇಕು, ಅನುಮತಿಯ ಅಂಕಿಗಳನ್ನಲ್ಲ.

ಹೆಸರು ಮೆನುವಿನಲ್ಲಿ ಆ ಕೂಡಲೆ ಕಾಣಲಿಲ್ಲ. ಒಮ್ಮೆ ಹೊರಬಂದು ಮತ್ತೆ ಗುಪ್ತಪದ ಹಾಕಿ ಒಳಗೆ ಹೋದಾಗ ಕಂಡಿತು. ಹುಡುಗಿ ತ್ರಿಕೋನ ಬರೆಯುತ್ತ ಕುಳಿತಳು. ಸೊಸೆ ಲೆಕ್ಕದ ಫೈಲಿನ ಅನುಮತಿಯನ್ನು 600 ಮಾಡಿಸಿ, ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬಳಿಯ ಜೆರಾಕ್ಸ್ ಅಂಗಡಿಗೆ ಹೋಗಿ ಅದರ ಒಂದು ಪ್ರತಿಯನ್ನು ಕಾಗದದಲ್ಲಿಯೂ ತೆಗೆಸಿಕೊಂಡು ಬಂದಳು.